ಟೆಲೊಮಿಯರ್
ವರ್ಣತಂತುವಿನ ತುದಿಯನ್ನು ಕಾಯುವ, ಮತ್ತೆ ಮತ್ತೆ ಬರುವ ಡಿಎನ್‌ಎ ಸರಣಿ. ಮನುಷ್ಯನಲ್ಲಿ ಇದು ಟಿಟಿಎಜಿಜಿಜಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸಾಕಣೆ ಮನೆಗಳ ರೇಷ್ಮೆ ಹುಳುವಿನಲ್ಲಿ ಒಂದಕ್ಷರ ಕಡಿಮೆ, ಟಿಟಿಎಜಿಜಿ.

ಕೋಶ ವಿಭಜನೆಗೊಂಡಾಗಲೆಲ್ಲ ಡಿಎನ್‌ಎಯ ನಕಲು ಕೊನೆಯವರೆಗೆ ಮುಟ್ಟದೆ ತುದಿ ಸವೆಯುತ್ತದೆ. ಮನುಷ್ಯನ ಸಾಮಾನ್ಯ ಕೋಶಗಳು ಪ್ರಯೋಗಾಲಯದಲ್ಲಿ ಸುಮಾರು 50 ವಿಭಜನೆಗಳ ನಂತರ ನಿಲ್ಲುತ್ತವೆಂದು ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ತೋರಿಸಿದರು. ಹೀಗೆ ನಿಂತ ಕೋಶಗಳು ಶೇಖರವಾಗುವುದು ಮುಪ್ಪಿನ ಒಂದು ಕಾರಣ, ಒಂದೇ ಕಾರಣವಲ್ಲ. ಈ ನಿಲುಗಡೆ ಕ್ಯಾನ್ಸರ್‌ಗೆ ತಡೆಯೂ ಹೌದು. ಪಿ53ಯಂಥ ಕಾವಲು ಜೀನ್ ಕೆಟ್ಟರೆ ಕೋಶ ನಿಲ್ಲದೆ ವಿಭಜಿಸುತ್ತದೆ. ತುದಿ ಕಳೆದುಕೊಂಡ ವರ್ಣತಂತುಗಳು ಪರಸ್ಪರ ಅಂಟಿ, ಮುರಿದು, ಹೊಸ ಉತ್ಪರಿವರ್ತನೆಗಳಿಗೆ ಎಡೆಯಾಗುತ್ತವೆ. ಶೇ. 85–90ರಷ್ಟು ಕ್ಯಾನ್ಸರ್‌ಗಳಲ್ಲಿ ಟೆಲೊಮರೇಸ್ ಕಿಣ್ವ ಚುರುಕಾಗಿ ತುದಿಯನ್ನು ಉಳಿಸಿಕೊಡುತ್ತದೆ.

ರೇಷ್ಮೆ ಹುಳುವಿನಲ್ಲಿ ಟೆಲೊಮರೇಸ್ ತೀರ ದುರ್ಬಲ. ಸಾರ್ಟ್, ಟ್ರಾಸ್ ಎಂಬ ಜಿಗಿಯುವ ಡಿಎನ್‌ಎ ತುಣುಕುಗಳು ತುದಿಯಲ್ಲೇ ಬಂದು ಸೇರುತ್ತವೆ. ಇನ್ನೂ ಸೋಜಿಗದ್ದು ರೇಷ್ಮೆ ಗ್ರಂಥಿ. ಅದರ ಕೋಶಗಳ ಸಂಖ್ಯೆ ಮೊಟ್ಟೆಯೊಳಗೇ ನಿಗದಿಯಾಗಿರುತ್ತದೆ. ಹುಳು ಸೊಪ್ಪು ಮೇಯುತ್ತ ಬೆಳೆಯುವಾಗ ಈ ಕೋಶಗಳು ವಿಭಜಿಸದೆ, ಡಿಎನ್‌ಎಯನ್ನಷ್ಟೇ ಲಕ್ಷಾಂತರ ಪಟ್ಟು ಹೆಚ್ಚಿಸಿಕೊಂಡು ಹಿಗ್ಗುತ್ತವೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಗೂಡುಗಳ ನೂಲೆಲ್ಲ ಇಂಥ ಕೋಶಗಳದೇ ಉತ್ಪತ್ತಿ.