ಮೊಹರು ಖರೇ, ಪತ್ರ ಸುಳ್ಳು: ಆಡಿಟ್ ಕಡತದ ಕಥೆ

ಇವತ್ತಿನ ವಿಷಯದ ಹೆಸರು ಕೇಳಿದ್ರೆ ಕೆಲವರು ಇಯರ್‌ಫೋನ್ ತೆಗೆದಿಡಬಹುದು: ಆಡಿಟ್ ವರ್ಕಿಂಗ್ ಪೇಪರ್. ಒಂದೆರಡು ನಿಮಿಷ ತಡೀರಿ. ಇದರೊಳಗೆ ಒಂದು ಖೋಟಾ ಪತ್ರ ಅದ, ಒಬ್ಬ ದಿವಾನರ ತಲೆ ಹೋದ ಕಥೆ ಅದ, ಬ್ಯಾಂಕಿನಲ್ಲಿ ಇಲ್ಲದೇ ಇದ್ದ ಐದು ಸಾವಿರ ಕೋಟಿ ರೂಪಾಯಿಯ ಕಥೆಯೂ ಅದ.

ನಾನು ಭಾಲ್ಕಿ ಕಡೆಯವನು. ಆಡಿಟರ್ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಮೊದಲು ಕಲಿತ ಮಾತು ಇದು: ಜನ ನೋಡೋದು ಸಹಿ ಬಿದ್ದ ಎರಡು-ಮೂರು ಪುಟದ ವರದಿ. ಆ ಸಹಿಗೆ ಬೆಲೆ ಬರೋದು ಅದರ ಹಿಂದಿರುವ ದಪ್ಪ ಕಡತದಿಂದ. ಏನು ನೋಡಿದೆವು, ಯಾವಾಗ ನೋಡಿದೆವು, ಯಾರು ನೋಡಿದರು, ಏನು ಸಿಕ್ಕಿತು ಅಂತ ಬರೆದಿಟ್ಟ ಆ ಹಾಳೆಗಳೇ ವರ್ಕಿಂಗ್ ಪೇಪರ್. ಈ ಮಾತು ಯಾಕೆ ಮುಖ್ಯ ಅಂತ ತಿಳಿಯಲು ಬೀದರ್‌ನಿಂದಲೇ ಶುರು ಮಾಡೋಣ.

ಬೀದರ್ ಪೇಟೆಯಲ್ಲಿ ಓಡಾಡಿದವರಿಗೆ ಮಹಮೂದ್ ಗವಾನರ ಮದರಸಾ ಗೊತ್ತು. 1472ರ ಹೊತ್ತಿಗೆ ಕಟ್ಟಿದ್ದು. ಇರಾನ್‌ನ ಗೀಲಾನ್‌ನಿಂದ ಬಂದ ಗವಾನರು ಬಹಮನಿ ರಾಜ್ಯದ ಪ್ರಧಾನಿಯಾದರು. ಜಮೀನು ಅಳತೆ ಮಾಡಿಸಿದರು, ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟು ಮಾಡಿ ಸರದಾರರ ಕೈ ಬಿಗಿ ಮಾಡಿದರು. ಶತ್ರುಗಳು ಹುಟ್ಟಿಕೊಂಡಿದ್ದು ಅಲ್ಲೇ.

ಮುಂದೆ ನಡೆದದ್ದನ್ನು ಇತಿಹಾಸಕಾರ ಫರಿಶ್ತಾ, ನೂರಕ್ಕೂ ಹೆಚ್ಚು ವರ್ಷಗಳ ನಂತರ, ಬಿಜಾಪುರದ ದರಬಾರಿನಲ್ಲಿದ್ದಾಗ ಬರೆದಿಟ್ಟಿದ್ದಾನೆ. ಗವಾನರ ಮೊಹರು ಕಾಯುವವನನ್ನು ವಿರೋಧಿಗಳು ಒಲಿಸಿಕೊಂಡರು. ಒಂದು ಖಾಲಿ ಕಾಗದದ ಮೇಲೆ ಮೊಹರು ಹಾಕಿಸಿಕೊಂಡರು. ಆಮೇಲೆ ಅದೇ ಕಾಗದದ ಮೇಲೆ, ಒಡಿಶಾದ ರಾಜನಿಗೆ ದಂಡೆತ್ತಿ ಬಾ ಅಂತ ಕರೆಯುವ ಪತ್ರ ಬರೆದರು. ಪತ್ರ ಸುಲ್ತಾನ ಮೂರನೇ ಮುಹಮ್ಮದ್ ಶಾನ ಕೈ ಸೇರಿತು. ಪತ್ರ ಒಯ್ಯುತ್ತಿದ್ದವನನ್ನು ಕರೆಸಿ ಕೇಳುವ ಗೋಜಿಗೂ ಸುಲ್ತಾನ ಹೋಗಲಿಲ್ಲ. ಮೊಹರು ನನ್ನದೇ, ಆದರೆ ಪತ್ರ ನನ್ನದಲ್ಲ ಅಂದರು ಗವಾನರು. 1481ರ ಏಪ್ರಿಲ್ 5ರಂದು, ಇವತ್ತಿನ ವಿಜಯವಾಡ ಹತ್ತಿರದ ಕೊಂಡಪಲ್ಲಿಯಲ್ಲಿ ಅವರ ತಲೆ ತೆಗೆಸಲಾಯಿತು.

ಕಥೆಯಲ್ಲಿ ನನಗೆ ಮುಖ್ಯ ಅನಿಸೋದು ಇದರ ನಂತರದ ಭಾಗ. ಗವಾನರ ಹತ್ತಿರ ಭಾರಿ ಸಂಪತ್ತು ಇರಬೇಕು ಅಂದುಕೊಂಡ ಸುಲ್ತಾನ ಅವರ ಖಜಾಂಚಿಯನ್ನು ಕರೆಸಿದ. ಖಜಾಂಚಿ ಎರಡು ಖಜಾನೆಗಳ ಲೆಕ್ಕ ಒಪ್ಪಿಸಿದ. ಒಂದು ರಾಜನ ಖಜಾನೆ: ಸೈನ್ಯ, ಲಾಯ, ಮನೆತನದ ಖರ್ಚಿಗೆ. ಇನ್ನೊಂದು ಬಡವರ ಖಜಾನೆ: ಅದರಲ್ಲಿದ್ದದ್ದು 300 ಲಾರಿ. ಲಾರಿ ಅಂದ್ರೆ ಲೋಡ್ ಹೊರುವ ಲಾರಿ ಅಲ್ರಿ, ಬೆಳ್ಳಿ ತಂತಿ ಬಗ್ಗಿಸಿ ಮಾಡಿದ ಆ ಕಾಲದ ನಾಣ್ಯ. ಗವಾನರು ಊರಿಂದ ತಂದ 40,000 ಲಾರಿಯನ್ನು ವ್ಯಾಪಾರಕ್ಕೆ ಹಾಕಿ, ಅಸಲು ಮುಟ್ಟದೆ, ಲಾಭದಲ್ಲಿ ದಿನಕ್ಕೆ ಎರಡು ಲಾರಿ ಮಾತ್ರ ಸ್ವಂತಕ್ಕೆ ಖರ್ಚು ಮಾಡುತ್ತಿದ್ದರಂತೆ. ಬಂದದ್ದೆಷ್ಟು, ಹೋದದ್ದೆಲ್ಲಿಗೆ, ಉಳಿದದ್ದೆಷ್ಟು, ಎಲ್ಲದಕ್ಕೂ ಖಜಾಂಚಿಯ ಹತ್ತಿರ ಉತ್ತರವಿತ್ತು.

ಲೆಕ್ಕ ಗವಾನರ ಹೆಸರು ಉಳಿಸಿತು, ಜೀವ ಉಳಿಸಲಿಲ್ಲ. ಮೊದಲು ಶಿಕ್ಷೆ, ಆಮೇಲೆ ತಪಾಸಣೆ ಆಗಿಹೋಗಿತ್ತು. ಮರುವರ್ಷ ಸುಲ್ತಾನನೂ ಸತ್ತ, ರಾಜ್ಯವೂ ಒಡೆಯುತ್ತ ಹೋಯಿತು. ಗವಾನರ ಗೋರಿ ಇವತ್ತೂ ಬೀದರ್ ಹತ್ತಿರದ ಗೋರನಳ್ಳಿಯಲ್ಲಿದೆ.

ಈಗ ಐದು ಶತಮಾನ ದಾಟಿ ಬರೋಣ. ದೂರ ಏನಿಲ್ಲ, ಬೀದರ್‌ನಿಂದ ಬಸ್ ಹತ್ತಿದ್ರೆ ಮೂರ್ನಾಲ್ಕು ತಾಸಿನ ಹೈದರಾಬಾದ್. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಒಂದು ಪತ್ರ ಬರೆದರು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ ಅಂತ ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು.

ಬ್ಯಾಂಕಿನಲ್ಲಿ ದುಡ್ಡು ಇದೆಯೋ ಇಲ್ಲವೋ ತಿಳಿಯುವ ದಾರಿ ಸರಳ. ಆಡಿಟರ್ ತಾನೇ ಬ್ಯಾಂಕಿಗೆ ಪತ್ರ ಬರೀಬೇಕು, ಉತ್ತರ ನೇರವಾಗಿ ಆಡಿಟರ್ ಕೈಗೇ ಬರಬೇಕು. ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳು ಪತ್ರ ಕಳಿಸೋದು, ಉತ್ತರ ತರಿಸಿಕೊಳ್ಳೋದು ಎರಡನ್ನೂ ಕಂಪನಿಯ ಕೈಗೇ ಬಿಟ್ಟಿದ್ದವು ಅಂತ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2011ರಲ್ಲಿ ಹೇಳಿತು. ಕಾಗದ ಇತ್ತು, ಅದು ಯಾರ ಕೈಯಿಂದ ಬಂತು ಅನ್ನೋದನ್ನು ಗಟ್ಟಿ ಮಾಡಿಕೊಂಡಿರಲಿಲ್ಲ. ಕೊಂಡಪಲ್ಲಿಯ ಪತ್ರದ ಕಥೆಯೂ ಇದೇ ಅಲ್ವೇನ್ರಿ?

ಕಾಗದ ಮಾಡೋದು ಒಂದು, ಕಾಯೋದು ಇನ್ನೊಂದು. 2001ರಲ್ಲಿ ಅಮೆರಿಕದ ಎನ್ರಾನ್ ಕಂಪನಿಯ ಮೇಲೆ ತನಿಖೆ ಬರುತ್ತಿದ್ದಾಗ ಅದರ ಆಡಿಟರ್ ಆರ್ಥರ್ ಆಂಡರ್ಸನ್ ಕಚೇರಿಯಲ್ಲಿ ರಾಶಿ ರಾಶಿ ಕಾಗದ ಹರಿದು ಚೂರು ಮಾಡಿದರು. 2002ರಲ್ಲಿ ಸಂಸ್ಥೆಗೆ ಶಿಕ್ಷೆಯಾಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು ಖರೇ, ಅಷ್ಟರೊಳಗೆ ಸಂಸ್ಥೆಯೇ ನೆಲ ಕಚ್ಚಿತ್ತು.

ನಮ್ಮ ದೇಶದಲ್ಲಿ ಇದಕ್ಕೊಂದು ನಿಯಮವಿದೆ, ಹೆಸರು ಎಸ್‌ಎ 230. ಅದರ ತಿರುಳು ಇಷ್ಟು: ಆ ಆಡಿಟ್‌ಗೆ ಸಂಬಂಧವೇ ಇಲ್ಲದ ಇನ್ನೊಬ್ಬ ಅನುಭವಿ ಆಡಿಟರ್ ಕಡತ ತೆರೆದರೆ, ಯಾರನ್ನೂ ಕೇಳದೆ ಎಲ್ಲಾ ತಿಳಿಯಬೇಕು. ವರದಿಗೆ ಸಹಿಯಾದ ಮೇಲೆ ಸಾಮಾನ್ಯವಾಗಿ 60 ದಿನದೊಳಗೆ ಕಡತ ಜೋಡಿಸಿ ಮುಗಿಸಬೇಕು. ಕನಿಷ್ಠ 7 ವರ್ಷ ಇಡಬೇಕು. ಆಮೇಲೆ ಒಂದು ಹಾಳೆ ಸೇರಿಸಿದರೂ ಯಾರು, ಯಾವಾಗ, ಯಾಕೆ ಅಂತ ಬರೀಬೇಕು. ತೆಗೆಯುವಂತಿಲ್ಲ.

ಇದನ್ನು ನಮ್ಮ ಊರಿಗೆ ತರೋಣ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಹೋಬಳಿ ಊರಿನಲ್ಲಿ ಒಂದು ಪಿಕೆಪಿಎಸ್, ಅಂದ್ರೆ ರೈತರಿಗೆ ಬೆಳೆ ಸಾಲ ಕೊಡುವ ಸಹಕಾರ ಸಂಘ, ಅಂದುಕೊಳ್ಳಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 63ನೇ ಪ್ರಕರಣದ ಪ್ರಕಾರ ಅದರ ಆಡಿಟ್ ಆಗಬೇಕು. ಆಡಿಟರ್ ಎರಡು ಕಡತ ಮಾಡ್ತಾರೆ. ಒಂದು ಕಾಯಂ ಕಡತ: ನೋಂದಣಿ ಪತ್ರ, ಬೈಲಾ, ಹಿಂದಿನ ವರ್ಷಗಳ ವರದಿ. ಇನ್ನೊಂದು ಆ ವರ್ಷದ ಕಡತ. ಅದರಲ್ಲಿ ತಿಜೋರಿಯ ನಗದನ್ನು ಎದುರಿಗೇ ಎಣಿಸಿದ ಪಟ್ಟಿ ಇರುತ್ತೆ, ಐನೂರರ ನೋಟು ಎಷ್ಟು, ನೂರರದ್ದು ಎಷ್ಟು ಅಂತ. ಡಿಸಿಸಿ ಬ್ಯಾಂಕಿನಿಂದ ನೇರವಾಗಿ ಬಂದ ಬಾಕಿ ಪತ್ರ ಇರುತ್ತೆ. ಸಾಲದ ಖಾತೆಗಳಲ್ಲಿ ಕೆಲವನ್ನು ಆರಿಸಿ ಅರ್ಜಿ, ಪಹಣಿ, ರಸೀದಿ, ಲೆಡ್ಜರ್ ಒಂದಕ್ಕೊಂದು ತಾಳೆ ಆಗ್ತಾವೋ ಇಲ್ಲವೋ ನೋಡಿದ ಟಿಪ್ಪಣಿ ಇರುತ್ತೆ. ಪ್ರತಿ ಹಾಳೆಗೂ ನಂಬರ್, ತಾರೀಖು, ನೋಡಿದವರ ಸಹಿ.

ಹೊಸಬರು ಓದಿದರೂ ತಿಳಿಯಬೇಕು ಅನ್ನೋದು ಎಷ್ಟು ದೊಡ್ಡ ಮಾತು ಅಂತ ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತಿರಬೇಕು. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಸರ್ಕಾರಿ ದಫ್ತರ ಉರ್ದುವಿನಲ್ಲಿ, ಇಸವಿ ಫಸಲಿಯಲ್ಲಿ, ರೊಕ್ಕ ಹಾಲಿ ಸಿಕ್ಕಾದಲ್ಲಿ. ಏಳು ಹಾಲಿ ರೂಪಾಯಿಗೆ ಬ್ರಿಟಿಷ್ ಇಂಡಿಯಾದ ಆರು ರೂಪಾಯಿ. ಹಳೇ ಕಾಗದದ ಮೇಲೆ ಬರೀ 700 ಅಂತ ಇದ್ದರೆ ಅದು 700ರೂ ಆಗಬಹುದು, 600ರೂ ಆಗಬಹುದು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯೇ ಮೂರು ಪಾಲಾಯಿತು: ಭಾಲ್ಕಿ, ಔರಾದ್, ಬೀದರ್ ಮೈಸೂರು ರಾಜ್ಯಕ್ಕೆ, ಉದಗೀರ್, ನಿಲಂಗಾ ಮುಂಬೈಗೆ, ನಾರಾಯಣಖೇಡ್ ಆಂಧ್ರಕ್ಕೆ. ಬರೆದವರು ಒಂದು ರಾಜ್ಯದಲ್ಲಿ, ಓದುವವರು ಇನ್ನೊಂದು ರಾಜ್ಯದಲ್ಲಿ. ಯಾವ ನಾಣ್ಯ, ಯಾವ ಇಸವಿ ಅಂತ ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು, ಹಾಳೆ ತಾನೇ ಮಾತಾಡುತ್ತಿತ್ತು.

ವರ್ಕಿಂಗ್ ಪೇಪರ್ ಆಡಿಟರ್ ಸ್ವತ್ತು, ಸದಸ್ಯರು ಕೇಳಿದ ಕೂಡಲೇ ಕೊಡುವ ದಾಖಲೆ ಅಲ್ಲ. ಆದರೆ ನಿಮ್ಮ ಅಪ್ಪ ಅಥವಾ ಅವ್ವ ಸಂಘದ ಸದಸ್ಯರಾಗಿದ್ದರೆ ನೀವು ಮಾಡಬಹುದಾದ ಕೆಲಸ ಎರಡಿವೆ. ನಿಮ್ಮ ಸಾಲದ ಬಾಕಿ ಇಷ್ಟು, ಸರಿಯಿದೆಯಾ ಅಂತ ಆಡಿಟರ್ ಕಡೆಯಿಂದ ಪತ್ರ ಬಂದರೆ ಅದನ್ನು ಮೂಲೆಗೆ ಹಾಕಬೇಡಿ. ಮನೆಯ ರಸೀದಿಗೆ ಹೋಲಿಸಿ ಉತ್ತರ ಬರೆದು ಕಳಿಸಿ, ಆ ಕಡತದ ಒಂದು ಹಾಳೆ ನಿಮ್ಮದೇ. ಇನ್ನು ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಸರ್ವ ಸದಸ್ಯರ ಸಭೆಗೆ ಅವರ ಜೊತೆ ಆಡಿಟ್ ವರದಿ ಕುಳಿತು ಓದಿ, ತಿಳಿಯದ ಸಾಲಿಗೆ ಗೆರೆ ಹಾಕಿ ಕಳಿಸಿ. ಸಭೆಯಲ್ಲಿ ಅವರು ಕೇಳೋದು ಒಂದೇ ಪ್ರಶ್ನೆ ಆದರೂ ಸಾಕು: ಇದನ್ನು ಯಾವ ಕಾಗದ ನೋಡಿ ಬರೆದಿರಿ?