ವೇಗಕ್ಕೊಂದು ಅಂಗಳ: ಶೋಲಾವರಂ ನೆನಪು

"ಅತಿವೇಗ ತಿಥಿ ಬೇಗ" ಎಂಬ ಎಚ್ಚರಿಕೆಯ ಫಲಕವನ್ನು ನಮ್ಮ ಹೆದ್ದಾರಿಗಳಲ್ಲಿ ಕಾಣದವರಿಲ್ಲ. ಪ್ರಾಸವೂ ಚೆನ್ನಾಗಿದೆ, ಹಿತವಚನವೂ ಸತ್ಯವಾಗಿದೆ. ಆದರೆ ಹದಿನೇಳು ವರ್ಷದ ಹುಡುಗನೊಬ್ಬನಿಗೆ ಈ ಫಲಕದಿಂದ ವೇಗದ ಮೋಹ ಇಳಿದದ್ದನ್ನು ನನ್ನ ಅಧ್ಯಾಪಕ ವೃತ್ತಿಯ ಅಷ್ಟೂ ವರ್ಷಗಳಲ್ಲಿ ನಾನು ಕಂಡಿಲ್ಲ. ಯೌವನಕ್ಕೆ ವೇಗವು ಸಹಜವಾದ ಹಸಿವು. ಆ ಹಸಿವಿಗೆ ಸಮಾಜವು ಎಲ್ಲಿ ಎಲೆ ಹಾಕಬೇಕು ಎಂಬುದೇ ನಿಜವಾದ ಪ್ರಶ್ನೆ. ಮೋಟಾರ್ ಸೈಕಲ್ ಪಂದ್ಯಗಳ ಇತಿಹಾಸವನ್ನು ಈ ದೃಷ್ಟಿಯಿಂದ ಅವಲೋಕಿಸಿದರೆ ಕೆಲವು ಸ್ವಾರಸ್ಯಕರ ಸಂಗತಿಗಳು ಹೊಳೆಯುತ್ತವೆ.

ಬ್ರಿಟನ್ನಿನಲ್ಲಿ 1903ರ ಮೋಟಾರ್ ಕಾರ್ ಕಾಯಿದೆಯು ಸಾರ್ವಜನಿಕ ರಸ್ತೆಗಳ ಮೇಲೆ ಗಂಟೆಗೆ 20 ಮೈಲಿಗಳ ಮಿತಿಯನ್ನು ವಿಧಿಸಿತು. ಯಂತ್ರಗಳನ್ನು ನಿರ್ಮಿಸುತ್ತಿದ್ದವರಿಗೆ ಅವುಗಳನ್ನು ಪರೀಕ್ಷಿಸಲು ಸ್ಥಳವೇ ಇಲ್ಲದಂತಾಯಿತು. ಆಗ ನೆರವಿಗೆ ಬಂದದ್ದು ಐರಿಷ್ ಸಮುದ್ರದ ನಡುವಿನ ಪುಟ್ಟ ದ್ವೀಪ, ಐಲ್ ಆಫ್ ಮ್ಯಾನ್. ತನ್ನದೇ ಶಾಸನಸಭೆಯುಳ್ಳ ಆ ದ್ವೀಪವು 1904ರಲ್ಲಿ ಕಾನೂನು ಮಾಡಿ, ಪಂದ್ಯಕ್ಕಾಗಿ ರಸ್ತೆಗಳನ್ನು ಮುಚ್ಚಲು ಅವಕಾಶ ನೀಡಿತು. 1907ರ ಮೇ 28ರಂದು ಅಲ್ಲಿ ಮೊದಲ ಟೂರಿಸ್ಟ್ ಟ್ರೋಫಿ ಪಂದ್ಯ ನಡೆದಾಗ, ಒಂದೇ ಸಿಲಿಂಡರಿನ ಯಂತ್ರಗಳ ವಿಭಾಗದಲ್ಲಿ ಗೆದ್ದ ಚಾರ್ಲಿ ಕಾಲಿಯರ್ ಅವರ ಸರಾಸರಿ ವೇಗ ಗಂಟೆಗೆ ಸುಮಾರು 38 ಮೈಲಿ. 2023ರಲ್ಲಿ ಪೀಟರ್ ಹಿಕ್ಮನ್ ಅದೇ ದ್ವೀಪದ ಬೆಟ್ಟದ ಹಾದಿಯಲ್ಲಿ ಗಂಟೆಗೆ 136 ಮೈಲಿಗೂ ಮೀರಿದ ಸರಾಸರಿಯಲ್ಲಿ ಒಂದು ಸುತ್ತನ್ನು ಮುಗಿಸಿದರು! ಆದರೆ ಮುಚ್ಚಿದರೂ ಅದು ಊರ ರಸ್ತೆಯೇ ತಾನೆ? ಕಲ್ಲುಗೋಡೆ, ದೀಪದ ಕಂಬ, ಮನೆಯ ಜಗಲಿ ಎಲ್ಲವೂ ಅಲ್ಲಿವೆ. ಆ ಹಾದಿಯು ಇದುವರೆಗೆ ಇನ್ನೂರೈವತ್ತಕ್ಕೂ ಹೆಚ್ಚು ಸವಾರರ ಪ್ರಾಣವನ್ನು ಕೊಂಡಿದೆ. ರಸ್ತೆಯನ್ನು ಮುಚ್ಚಿದರಷ್ಟೇ ಸಾಲದು, ವೇಗಕ್ಕೆಂದೇ ಪ್ರತ್ಯೇಕವಾದ ಅಂಗಳ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಂಥ ಅಂಗಳಗಳನ್ನು ಒದಗಿಸಿಕೊಟ್ಟದ್ದು, ವಿಚಿತ್ರವೆಂದರೆ, ಎರಡನೆಯ ಮಹಾಯುದ್ಧ. ಯುದ್ಧಕಾಲದಲ್ಲಿ ಅವಸರವಸರವಾಗಿ ಕಟ್ಟಿದ ನೂರಾರು ವಿಮಾನದಾರಿಗಳು ಶಾಂತಿ ಬಂದೊಡನೆ ಕೆಲಸವಿಲ್ಲದೆ ಬಿದ್ದುಕೊಂಡವು. ಸಮತಟ್ಟಾದ ನೆಲ, ಅಗಲವಾದ ಹಾಸು, ಮರವಿಲ್ಲ, ಮನೆಯಿಲ್ಲ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ 1943ರಲ್ಲಿ ಬಾಂಬರ್ ವಿಮಾನಗಳ ನೆಲೆಯಾಗಿ ತೆರೆಯಿತು. 1948ರಲ್ಲಿ ಅಲ್ಲಿ ಗ್ರ್ಯಾಂಡ್ ಪ್ರಿ ಪಂದ್ಯವೇ ನಡೆಯಿತು. ನಮ್ಮಲ್ಲಿಯೂ ಅದೇ ಕಥೆ. ಮದರಾಸಿನಿಂದ ಕಲ್ಕತ್ತೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿ, ರೆಡ್ ಹಿಲ್ಸ್ ದಾಟಿದರೆ ಸಿಗುವ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನದಾರಿಯೊಂದಿತ್ತು. 1953ರಲ್ಲಿ ಸ್ಥಾಪಿತವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅದನ್ನು ಪಂದ್ಯದ ಕಣವಾಗಿಸಿದರು. ಮುಂದಿನ ಮೂರೂವರೆ ದಶಕಗಳ ಕಾಲ ಕಾರು, ಮೋಟಾರ್ ಸೈಕಲ್ಲುಗಳ ಪಂದ್ಯಗಳಿಗೆ ದಕ್ಷಿಣ ಭಾರತದಲ್ಲಿ ಶೋಲಾವರಂ ಎಂಬುದೇ ಮತ್ತೊಂದು ಹೆಸರಾಗಿತ್ತು.

ಮೈಸೂರಿಗರಾದ ನಮಗೆ ಅಲ್ಲಿಗೆ ಮತ್ತೊಂದು ನಂಟೂ ಇತ್ತು. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತಮ್ಮ ಹೆಸರಿನ ಮೊದಲೆರಡು ಅಕ್ಷರಗಳಿಗೆ ಆ ಸಂಸ್ಥೆಯ ಎರಡು ಅಕ್ಷರಗಳನ್ನು ಜೋಡಿಸಿ 'ಜಾವಾ' ಎಂದು ಹೆಸರಿಟ್ಟರು. ಆ ಹೆಸರು ಇರಾನಿ ಕುಟುಂಬದ ಪ್ರಯತ್ನದಿಂದ ಮೈಸೂರಿನ ಯಾದವಗಿರಿಗೆ ಬಂದಿತು. ಐಡಿಯಲ್ ಜಾವಾ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರ್ ಅವರು 1961ರಲ್ಲಿ ಉದ್ಘಾಟಿಸಿದರು. 1973ರಿಂದ ಅದೇ ಗಾಡಿಯು 'ಯೆಜ್ಡಿ' ಎಂಬ ಹೆಸರು ಹೊತ್ತಿತು. ಒಂದೇ ಸಿಲಿಂಡರು, ಎರಡು ಹೊಗೆಕೊಳವೆ, ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಸನ್ನೆ. ಅದರ ಸದ್ದನ್ನು ಕೇಳಿಯೇ ಬೀದಿಯ ಹುಡುಗರು ಯಾರ ಮನೆಯ ಗಾಡಿಯೆಂದು ಹೇಳಬಲ್ಲವರಾಗಿದ್ದರು. ನಮ್ಮೂರಿನ ಕೈಗಳು ಜೋಡಿಸಿದ ಯಂತ್ರ ಮದರಾಸಿನ ಎನ್‌ಫೀಲ್ಡಿನ ಎದುರು, ಫರೀದಾಬಾದಿನ ರಾಜದೂತಿನ ಎದುರು ಹೇಗೆ ಓಡೀತು ಎಂಬುದು ಮೈಸೂರಿನವರಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಫೆಬ್ರವರಿಯಲ್ಲಿ ನಮ್ಮ ತಂದೆಯವರು ನನ್ನನ್ನು ಶೋಲಾವರಂಗೆ ಕರೆದೊಯ್ದರು. ಅವರನ್ನು ನಾವು 'ಅಣ್ಣ' ಎಂದೇ ಕರೆಯುತ್ತಿದ್ದುದು. ಕಚೇರಿಯ ಗುಮಾಸ್ತರಾದ ಅವರಿಗೆ ಹಳೆಯ ಜಾವಾ ಒಂದನ್ನು ಬಿಟ್ಟರೆ ಬೇರೆ ವಿಲಾಸವಿರಲಿಲ್ಲ. ಶುಕ್ರವಾರ ಸಂಜೆ ಮೈಸೂರು ಬಿಟ್ಟು, ಬೆಂಗಳೂರಿನಲ್ಲಿ ರಾತ್ರಿಯ ಮದರಾಸು ಮೇಲ್ ಹಿಡಿದು, ಬೆಳಗಾಗುವ ಹೊತ್ತಿಗೆ ಸೆಂಟ್ರಲ್ ನಿಲ್ದಾಣ, ಅಲ್ಲಿಂದ ಬಸ್ಸು. ಅಮ್ಮ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಎರಡು ದಿನಕ್ಕೂ ಬಂದಿತು. ಅಲ್ಲಿ ನೆರಳೆಂಬುದೇ ಇಲ್ಲ. ನೆತ್ತಿಯ ಮೇಲೆ ಟವೆಲು, ಕಿವಿಯಲ್ಲಿ ಹತ್ತಿ, ಗಾಳಿಯ ತುಂಬ ಹರಳೆಣ್ಣೆ ಬೆರೆತ ಹೊಗೆಯ ವಾಸನೆ. ನಮಗೂ ಕಣಕ್ಕೂ ನಡುವೆ ಇದ್ದದ್ದು ಹಗ್ಗ ಮತ್ತು ಹುಲ್ಲಿನ ಪೆಂಡಿಗಳು ಮಾತ್ರ. ಗೆಲ್ಲುವವನ ಮೇಲೆಯೇ ಕಣ್ಣಿಟ್ಟಿದ್ದ ನನ್ನ ಭುಜ ತಟ್ಟಿ ಅಣ್ಣ ಹೇಳಿದ ಮಾತು ಇದು: "ಇಲ್ಲಿ ಎದುರಿಂದ ಲಾರಿ ಬರೋಲ್ಲ ಕಣೋ, ಎಮ್ಮೆ ಅಡ್ಡ ಬರೋಲ್ಲ. ಆದರೂ ನೋಡು, ತಿರುವು ಬರೋಕ್ಕೆ ಎಷ್ಟು ಮುಂಚೆ ಬ್ರೇಕ್ ಹಿಡೀತಾರೆ!"

ಅನಂತರ ನಾನು ನೋಡಿದ್ದೆಲ್ಲ ತಿರುವನ್ನೇ. ಒಂದು ಓಟದಲ್ಲಿ ಸವಾರನೊಬ್ಬ ಜಾರಿ ಬಿದ್ದ. ಕ್ಷಣದಲ್ಲಿ ಹಳದಿ ಬಾವುಟ ಹಾರಿತು. ಬಾಣದಂತೆ ಬರುತ್ತಿದ್ದವರೆಲ್ಲ ಕೈ ತಗ್ಗಿಸಿದರು. ಆ ಜಾಗ ದಾಟುವವರೆಗೆ ಒಬ್ಬರೂ ಇನ್ನೊಬ್ಬರನ್ನು ಹಿಂದೆ ಹಾಕಲಿಲ್ಲ. ಬಿದ್ದವನು ಚರ್ಮದ ಉಡುಪಿನ ದೂಳು ಕೊಡವಿಕೊಂಡು ಎದ್ದು ನಿಂತ. ಊರಿಗೆ ಮರಳಿದ ಮೇಲೆ ಅಣ್ಣ ಆ ತಿಂಗಳ ಸಂಬಳದಲ್ಲಿ ಒಂದು ಹೆಲ್ಮೆಟ್ ಕೊಂಡರು. ಆಗ ಅದನ್ನು ಧರಿಸುವವರೇ ವಿರಳ, ಬೀದಿಯವರು ನಕ್ಕರು. ಅವರು ಮಾತ್ರ ಗಾಡಿ ಮಾರುವವರೆಗೂ ಅದನ್ನು ಧರಿಸದೆ ಹೊರಟವರಲ್ಲ.

ಪಂದ್ಯವೆಂದರೆ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. 1955ರಲ್ಲಿ ಫ್ರಾನ್ಸಿನ ಲ ಮಾನ್ ಕಾರು ಪಂದ್ಯದಲ್ಲಿ ಕಾರೊಂದು ಪ್ರೇಕ್ಷಕರ ನಡುವೆ ಸಿಡಿದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಹಗ್ಗ ಮತ್ತು ಹುಲ್ಲಿನ ಆಸರೆಯ ಶೋಲಾವರಂ ಕೂಡ ಆ ಭಯದಿಂದ ಮುಕ್ತವಾಗಿರಲಿಲ್ಲ. ಆದರೆ ಪಂದ್ಯಲೋಕವು ತನ್ನ ಸಾವುಗಳಿಂದ ಪಾಠ ಕಲಿಯಿತು: ತಡೆಗೋಡೆ, ಜಲ್ಲಿಯ ಹಾಸು, ಪರವಾನಗಿ, ವೈದ್ಯರ ತಂಡ ಎಲ್ಲವೂ ಒಂದೊಂದಾಗಿ ಬಂದವು. 1990ರ ಹೊತ್ತಿಗೆ ಶೋಲಾವರಂನ ಪಂದ್ಯಗಳು ಮದರಾಸಿನ ಪಶ್ಚಿಮಕ್ಕಿರುವ ಇರುಂಗಾಟ್ಟುಕೋಟೆಯ ಶಾಶ್ವತ ಕಣಕ್ಕೆ ಸ್ಥಳಾಂತರಗೊಂಡವು. 2003ರಲ್ಲಿ ಕೊಯಮತ್ತೂರಿನ ಬಳಿ ಕರಿ ಸ್ಪೀಡ್‌ವೇ ತೆರೆಯಿತು. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೊಯ್ಡಾದ ಬುದ್ಧ ಕಣದಲ್ಲಿ ಮೋಟೋ ಜಿಪಿ ಪಂದ್ಯವೇ ನಡೆದು, ಇಟಲಿಯ ಮಾರ್ಕೊ ಬೆಟ್ಸೆಕ್ಕಿ ಗೆದ್ದರು. ನಮ್ಮ ಯಾದವಗಿರಿಯ ಕಾರ್ಖಾನೆ ಮಾತ್ರ 1996ರಲ್ಲಿ ಬಾಗಿಲು ಹಾಕಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂದವಾದರೂ ಆ ಗಾಡಿಗಳು ಮೈಸೂರಿನವಲ್ಲ.

ಕರ್ನಾಟಕಕ್ಕೆ ಸವಾರರ ಬರವಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಪಂದ್ಯಗಳ ಮಹಿಳಾ ವಿಶ್ವಕಪ್ ಗೆದ್ದರು. ಆದರೆ ಇಂಥ ಮಕ್ಕಳು ಅಭ್ಯಾಸಕ್ಕೆ ಹೋಗಲು, ಮದರಾಸು ಅಥವಾ ಕೊಯಮತ್ತೂರಿನಲ್ಲಿರುವ ದರ್ಜೆಯ ಕಣ ನಮ್ಮ ನಾಡಿನಲ್ಲಿ ಇಲ್ಲ. ಕಣವಿಲ್ಲದ ಕಡೆ ರಸ್ತೆಯೇ ಕಣವಾಗುತ್ತದೆ. ನಡುರಾತ್ರಿಯ ಹೊರವರ್ತುಲ ರಸ್ತೆಯಲ್ಲಿ ಮುಂದಿನ ಚಕ್ರ ಎತ್ತಿ ಓಡಿಸುವ ಹುಡುಗರ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ವೇಗ ಇಮ್ಮಡಿಯಾದರೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ ಎಂದು ನನ್ನ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದ ಹುಡುಗನೊಬ್ಬ, ಎರಡು ವರ್ಷಗಳ ಅನಂತರ ಹೆದ್ದಾರಿಯಲ್ಲಿ ಟ್ರ್ಯಾಕ್ಟರಿನ ಹಿಂಬದಿಗೆ ಗುದ್ದಿ ತೀರಿಕೊಂಡ. ಸೂತ್ರ ಅವನಿಗೆ ಗೊತ್ತಿತ್ತು. ಆ ದೂರವನ್ನು ಅವನು ಕಣ್ಣಾರೆ ಕಂಡಿರಲಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಕಾನೂನು ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮು ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ನಡೆಸುವುದನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೇ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಬೇಡವೆನ್ನುವುದರಲ್ಲಿ ನಾವು 1903ರ ಬ್ರಿಟನ್ನಿಗಿಂತ ಹಿಂದೆ ಬಿದ್ದಿಲ್ಲ. 'ಇಲ್ಲಿ ಬೇಡ, ಅಲ್ಲಿ ಬಾ' ಎನ್ನಲು ಬೇಕಾದ 'ಅಲ್ಲಿ' ಮಾತ್ರ ನಮ್ಮಲ್ಲಿ ಇನ್ನೂ ಸಿದ್ಧವಾಗಿಲ್ಲ.

ಅದು ಸಿದ್ಧವಾಗುವವರೆಗೆ ತಂದೆತಾಯಿಗಳು ಮಾಡಬಹುದಾದ ಒಂದು ಸಣ್ಣ ಕೆಲಸವುಂಟು. ಗಾಡಿಗಾಗಿ ಹಟ ಹಿಡಿಯುವ ಮಗನಿಗೋ ಮಗಳಿಗೋ ಬೀಗದ ಕೈ ಕೊಡುವ ಮುನ್ನ ಒಂದು ಶನಿವಾರ, ಭಾನುವಾರ ಬಿಡುವು ಮಾಡಿಕೊಂಡು ಇರುಂಗಾಟ್ಟುಕೋಟೆಗೆ ಕರೆದುಕೊಂಡು ಹೋಗಿ. ನೇರ ದಾರಿಯ ಬಳಿ ಕೂರಬೇಡಿ. ಅಲ್ಲಿ ಕಾಣುವುದು ಬರಿಯ ವೇಗ. ತಿರುವಿನ ಬಳಿ ಜಾಗ ಹಿಡಿಯಿರಿ.