ವಿಳಾಸದ ಭಾಷಾಂತರ

ಬ್ಯಾಂಕಿನ ಉದ್ಯೋಗದಲ್ಲಿರುವವನ ಕಣ್ಣಿಗೆ ದಿನವೂ ಬೀಳುವ ಬರಹವೆಂದರೆ ವಿಳಾಸ. ಚೆನ್ನೈಯಲ್ಲಿ ನೆಲಸಿರುವ ಕನ್ನಡಿಗನ ವಿಳಾಸವು ಇಂಗ್ಲಿಷಿನಲ್ಲಿ ದಾಖಲಾಗಿ, ತಮಿಳಿನಲ್ಲಿ ಬೀದಿಯ ಫಲಕವನ್ನೇರಿ, ಊರಿನವರ ಬಾಯಲ್ಲಿ ಕನ್ನಡವಾಗುತ್ತದೆ. ಮೂರೂ ಒಂದೇ ಬಾಗಿಲನ್ನು ತೋರಿಸಬೇಕು. ತೋರಿಸದೆ ಹೋದ ಪ್ರಸಂಗಗಳು ಚರಿತ್ರೆಯಲ್ಲಿ ಹಲವುಂಟು.

ನಮ್ಮ ವೈಯಾಕರಣರು ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಂಗಡಿಸಿದ್ದಾರೆ. ವಿಳಾಸದ ಭಾಷಾಂತರದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ವಿಂಗಡಣೆಯನ್ನು ಮರೆತುದರ ಫಲ. ಮಯಿಲಾಪುರದ ಬಳಿ ಬಕಿಂಗ್‌ಹ್ಯಾಂ ಕಾಲುವೆಯನ್ನು ದಾಟುವ ಸೇತುವೆಯೊಂದಕ್ಕೆ ಆಂಗ್ಲರ ಕಾಲದಲ್ಲಿ ಹ್ಯಾಮಿಲ್ಟನ್ ಸೇತುವೆಯೆಂದು ಹೆಸರಿತ್ತು. ಜನರ ನಾಲಗೆಯಲ್ಲಿ ಹ್ಯಾಮಿಲ್ಟನ್ ಎಂಬುದು ‘ಅಂಬಟ್ಟನ್’ ಆಯಿತೆಂದು ಪ್ರತೀತಿ. ತಮಿಳಿನಲ್ಲಿ ಅಂಬಟ್ಟನ್ ಎಂದರೆ ಕ್ಷೌರಿಕ. ಮುಂದೆ ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸಿದವರು ‘ಬಾರ್ಬರ್ಸ್ ಬ್ರಿಡ್ಜ್’ ಎಂದು ಬರೆದರು. ಅಂಕಿತನಾಮವನ್ನು ಅನ್ವರ್ಥನಾಮವೆಂದು ಭ್ರಮಿಸಿದ್ದರಿಂದ ಹ್ಯಾಮಿಲ್ಟನ್ ದೊರೆಯ ಗುರುತೇ ಅಳಿಯಿತು.

ಆಂಗ್ಲರು ಆಳಿದ ಇನ್ನೊಂದು ರೇವುಪಟ್ಟಣದಲ್ಲಿಯೂ ಇಂಥದೇ ಪ್ರಮಾದ ನಡೆಯಿತು. 1841ರಲ್ಲಿ ಅವರ ವಶವಾದ ಹಾಂಗ್‌ಕಾಂಗಿನಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಕ್ವೀನ್ಸ್ ರೋಡ್ ನಿರ್ಮಾಣವಾಯಿತು. ಅದನ್ನು ಚೀನೀ ಭಾಷೆಗೆ ತಂದವರು, ಸ್ವತಃ ಪಟ್ಟವೇರಿ ಆಳುವ ರಾಣಿಗೆ ಸಲ್ಲುವ ಪದವನ್ನು ಬಿಟ್ಟು, ಚಕ್ರವರ್ತಿಯ ಪಟ್ಟಮಹಿಷಿಗೆ ಸಲ್ಲುವ ‘ಹುವಾಂಗ್‌ಹೌ’ ಎಂಬ ಪದವನ್ನು ಬಳಸಿದರು. ಆಳುವವಳು ಆಳುವವನ ಮಡದಿಯಾದಳು. ಫಲಕದಲ್ಲಿ ಇಂದಿಗೂ ಅದೇ ಹೆಸರಿದೆ.

ರೂಢನಾಮಗಳ ತೊಡಕು ಬೇರೆ ಬಗೆಯದು. ನಮ್ಮ ‘ಕೇರಿ’ಯೂ ತಮಿಳಿನ ‘ಚೇರಿ’ಯೂ ಒಂದೇ ಮೂಲದ ಪದಗಳು, ವೇಳಚ್ಚೇರಿ, ಪುದುಚ್ಚೇರಿಗಳಲ್ಲಿ ಅದು ಊರ ಹೆಸರಿನ ಅಂಗವಾಗಿದೆ. ಆದರೆ ತಮಿಳಿನ ಇಂದಿನ ಬಳಕೆಯಲ್ಲಿ ಬರಿಯ ಚೇರಿಯೆಂದರೆ ಊರ ಹೊರಗೆ ತಳ್ಳಲ್ಪಟ್ಟವರ ವಸತಿ. ಕೇರಿಯನ್ನು ಚೇರಿಯೆಂದು ತಿರುಗಿಸಿದರೆ ಪದದ ಮೂಲ ಸರಿ, ಮನೆ ತಪ್ಪು.

ಅಂತಸ್ತುಗಳ ಎಣಿಕೆಯಲ್ಲಿ ತೊಡಕು ಇನ್ನೂ ಹೆಚ್ಚು. ಆಂಗ್ಲರಿಗೆ ನೆಲದ ಅಂತಸ್ತಿನ ಮೇಲಿನದು ‘ಫಸ್ಟ್ ಫ್ಲೋರ್’. ಚೀನಾದ ಒಳನಾಡಿನಲ್ಲಿ ‘ಯೀ ಲೋ’, ಅಂದರೆ ಒಂದನೆಯ ಅಂತಸ್ತು, ನೆಲದ್ದೇ. ಹಾಂಗ್‌ಕಾಂಗಿನಲ್ಲಿ ಆಂಗ್ಲರ ಎಣಿಕೆಯೇ ರೂಢಿಗೆ ಬಂದಿತು. ಕನ್ನಡದಲ್ಲಿ ಎರಡಕ್ಕೂ ಪದವುಂಟು: ‘ಅಂತಸ್ತು’ ನೆಲವನ್ನೂ ಒಳಗೊಳ್ಳುತ್ತದೆ, ‘ಮಹಡಿ’ ಮೆಟ್ಟಿಲೇರಿದ ಮೇಲಿನದು. ಎರಡು ಅಂತಸ್ತಿನ ಮನೆಗೆ ಮಹಡಿ ಒಂದೇ. ಈ ಭೇದವನ್ನು ಮರೆತರೆ ಏನಾದೀತೆಂಬುದನ್ನು ನಾನು ಕಣ್ಣಾರೆ ಕಂಡೆ. ಪರಿಚಯದ ವೃದ್ಧೆಯೊಬ್ಬರು ಮೊದಲನೆಯ ಮಹಡಿಯಲ್ಲಿದ್ದರು. ಊರಿನ ಬಂಧುಗಳು ಅದನ್ನು ‘ಎರಡನೆಯ ಅಂತಸ್ತು’ ಎಂದೆಣಿಸಿ, ಇಂಗ್ಲಿಷಿನಲ್ಲಿ ‘ಸೆಕೆಂಡ್ ಫ್ಲೋರ್’ ಎಂದು ಬರೆದು ರಿಜಿಸ್ಟರ್ ಅಂಚೆ ಕಳುಹಿಸಿದರು. ಅದು ಮೇಲಿನ ಬೀಗ ಹಾಕಿದ ಮನೆಯ ಬಾಗಿಲನ್ನು ಕಂಡು ಹಿಂದಿರುಗಿತು. ಒಳಗಿದ್ದುದು ಜಮೀನಿನ ಪಾಲುಪತ್ರ. ಎರಡನೆಯ ಸಲ ಅದು ಆ ತಾಯಿಯ ಕೈಸೇರುವ ಹೊತ್ತಿಗೆ ಸಹಿಯ ಗಡುವು ಮುಗಿದಿತ್ತು.

ವಿಳಾಸದ ಕ್ರಮವೂ ವಿಚಾರಯೋಗ್ಯ. ಕಲ್ಯಾಣದ ಚಾಲುಕ್ಯರ ಕಾಲದ ಅನೇಕ ಶಾಸನಗಳು ಜಂಬೂದ್ವೀಪ, ಭರತಕ್ಷೇತ್ರ, ಕುಂತಳದೇಶ, ಬನವಾಸಿ ಹನ್ನೆರಡು ಸಾಸಿರ, ನಾಗರಖಂಡ ಎಪ್ಪತ್ತು ಎಂದು ಹಿರಿದರಿಂದ ಕಿರಿದಕ್ಕೆ ಇಳಿದು ಊರನ್ನು ಹೇಳುತ್ತವೆ. ಚೀನೀಯರು ಇಂದಿಗೂ ಪ್ರಾಂತ, ನಗರ, ಬೀದಿ, ಮನೆ, ಕಟ್ಟಕಡೆಗೆ ವ್ಯಕ್ತಿ ಎಂದೇ ಬರೆಯುತ್ತಾರೆ. ನಾವಾದರೋ ಲಕೋಟೆಯ ಮೇಲೆ ಆಂಗ್ಲರಂತೆ ವ್ಯಕ್ತಿಯಿಂದ ಆರಂಭಿಸುತ್ತೇವೆ. ಯಾವ ಕ್ರಮವೂ ಹೀನವಲ್ಲ. ಓದುವವನಿಗೆ ರೂಢಿಯಾದುದನ್ನು ಅನುಸರಿಸಿದರೆ ಸಾಕು.

ಬೆಂಗಳೂರಿನಲ್ಲಿ ಮುಖ್ಯರಸ್ತೆ, ಅಡ್ಡರಸ್ತೆ, ಬಡಾವಣೆ ಎಂಬ ಪದಗಳು ನೆಲೆನಿಂತಿರುವುದನ್ನು ನೋಡಿದರೆ ಈ ಕೆಲಸ ಅಸಾಧ್ಯವಲ್ಲವೆಂದು ತಿಳಿಯುತ್ತದೆ. ಅಂಕಿತವನ್ನು ಧ್ವನಿಯಿಂದ ಉಳಿಸಿಕೊಳ್ಳೋಣ. ರೂಢವನ್ನು ಆಯಾ ಊರಿನ ಬಳಕೆಯಿಂದ ತರೋಣ. ಎಣಿಕೆಯನ್ನು ಬರೆಯುವ ಮುನ್ನ ಒಮ್ಮೆ ಮೆಟ್ಟಿಲುಗಳನ್ನು ನೆನೆಯೋಣ. ಹೊರನಾಡಿನಲ್ಲಿರುವ ನಮಗೆ ತವರಿನ ಕಾಗದ ಕೈಸೇರುವುದು ಈ ಮೂರು ಎಚ್ಚರಗಳನ್ನು ನೆಚ್ಚಿಕೊಂಡಿದೆ.